ಬಯಬೇಡಿ

ಹೆಸರಿಡುವಾಗ ನಿಘಂಟು ತೆಗೆದವಳು ನಾನೇ.
ಇಂಚರ: ಇನಿದಾದ ದನಿ, ಹಕ್ಕಿಯುಲಿ.
ಎರಡು ತುಂಬಿ ಐದು ತಿಂಗಳಾದರೂ
ಇಂಚಿನಷ್ಟೂ ಉಲಿಯಿಲ್ಲ.
ಸಿದ್ದಾಪುರದ ಹೈಸ್ಕೂಲಿನಲ್ಲಿ ದಿನವಿಡೀ
ಅಲ್ಪಪ್ರಾಣ ಮಹಾಪ್ರಾಣ ಕಲಿಸಿ ಬಂದರೆ
ನನ್ನ ಪ್ರಾಣ ಬಾಗಿಲ ಪಕ್ಕ ಕೂತು
ಅಪ್ಪನ ಎಡಗಾಲ ಚಪ್ಪಲಿಗೆ
ಬಿಸ್ಕತ್ತು ತಿನ್ನಿಸುತ್ತಿರುತ್ತದೆ,
ಒಂದೂ ಮಾತಿಲ್ಲದೆ.

ನೀರಿಗೆ ಈ ಕಟ್ಟಡದಲ್ಲಿ ನಾಲ್ಕು ಹೆಸರು.
ನನಗೆ ನೀರು.
ಮಗುವನ್ನು ನೋಡಿಕೊಳ್ಳುವ ಬೀಪಾತುಮ್ಮನಿಗೆ ವೆಳ್ಳಂ.
ಕೆಳಗಿನ ಮನೆಯ ದೇಚವ್ವ
ನೀರ್ ಎಂದು ಬಾಲ ಕತ್ತರಿಸುತ್ತಾರೆ.
ಹಾಲಿನ ಪಳನಿಗೆ ತಣ್ಣಿ;
ಅವನು ಅದನ್ನು ಹಾಲು ಎಂದು ಕರೆಯುವುದೂ ಉಂಟು.
ಎಲ್ಲರದ್ದೂ ಕೇಳಿಸಿಕೊಂಡು
ಯಾರಿಗೂ ಬೇಜಾರಾಗದ ಹಾಗೆ
ಮಗಳು ಅನ್ನುವುದು: ಬುಂ.
ಬಸ್ಸೂ ಬುಂ. ಚಂದ್ರನೂ ಬುಂ.
ಅವಳಪ್ಪನ ಬೋಳುತಲೆಯೂ ಬುಂ, ತುಸು ಎಳೆದು.

ಒಂದು ಸಂಜೆ ಗೋಡೆಯತ್ತ ಕೈಚಾಚಿ
ಪಾ, ಅಂದಳು.
ಬೀಪಾತುಮ್ಮ ಲೋಟ ಹಿಡಿದು ಓಡಿ ಬಂದಳು:
ಪಾಲ್! ನನ್ನ ಹತ್ತಿರ ಕಲಿತದ್ದು!
ಮಂಡಿ ಹಿಡಿದು ಮೆಟ್ಟಿಲೇರುತ್ತಿದ್ದ ದೇಚವ್ವ
ಅಲ್ಲಿಂದಲೇ ಕೂಗಿದರು: ಅದ್ ನಂಗಡ ತಕ್ಕ್!
ನಾನಾದರೂ ಸುಮ್ಮನಿರಬಹುದಿತ್ತು.
ಹಳಗನ್ನಡ, ಅಂದೆ.
ಪಾಲ್ ಹಾಲಾಗುವುದಕ್ಕೆ ಶತಮಾನಗಳೇ ಹಿಡಿದವು,
ಇವಳು ಮೊದಲಿಂದ ಶುರುಮಾಡಿದ್ದಾಳೆ, ಅಷ್ಟೆ.
ಅವಳು ಲೋಟ ತಳ್ಳಿದಳು. ಹಾಲು ಚೆಲ್ಲಿತು.
ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು.
ಹಲ್ಲಿಯೂ ಒಂದು ಕಾಲಕ್ಕೆ
ಪಲ್ಲಿಯಾಗಿತ್ತೆಂದು ನೆನಪಾಗಿ
ಬಾಯಿ ಮುಚ್ಚಿ ನೆಲ ಒರೆಸಿದೆ.

ಬಜೆ ತೇಯ್ದು ನಾಲಿಗೆಗೆ ಹಚ್ಚು, ಅಂದಳು ಅಮ್ಮ ಫೋನಿನಲ್ಲಿ.
ನಮ್ಮ ಹೆಡ್‌ಮಾಸ್ಟರ ಭಾವಮೈದುನ
ಬಾಯಿಬಿಟ್ಟದ್ದೇ ಐದನೇ ವರ್ಷಕ್ಕಂತೆ,
ಈಗ ಪಂಚಾಯಿತಿ ಸದಸ್ಯ,
ನಿಲ್ಲಿಸಿ ಎಂದರೂ ನಿಲ್ಲಿಸುವುದಿಲ್ಲವಂತೆ.
ನಕ್ಕೆ. ರಾತ್ರಿ ಅವಳು ಮಲಗಿದ ಮೇಲೆ
ಉಳಿದ ಪ್ರಶ್ನೆಪತ್ರಿಕೆಯ ಬೆನ್ನಿಗೆ
ಡಾಕ್ಟರಿಗೆಂದು ಪಟ್ಟಿ ಬರೆದೆ:
ಬುಂ. ಪಾ. ಚಚ. ಹ್ಞೂಂ.
ಕೈಯಲ್ಲಿದ್ದದ್ದು ಕೆಂಪು ಪೆನ್ನು.
ಕೆಳಗೆ ಗೆರೆ ಎಳೆಯಲು ಮನಸ್ಸಾಗಲಿಲ್ಲ.

ಫೆಬ್ರವರಿ. ಮಾಲ್ದಾರೆ ಕಡೆಯಿಂದ ಹಿಂಡು ಇಳಿದಿತ್ತು.
ಅರಣ್ಯ ಇಲಾಖೆಯ ಜೀಪು ಮೈಕು ಕಟ್ಟಿಕೊಂಡು
ಬೆಳಿಗ್ಗೆಯಿಂದ ಮೂರು ಸುತ್ತು:
ಆನೆಗಳು ತೋಟದಲ್ಲಿವೆ.
ಯಾರೂ ಹೊರಗೆ ಬರಬೇಡಿ.
ಯಾರೂ ಹೊರಗೆ ಬರಬೇಡಿ.
ಶಾಲೆಗೆ ರಜೆ. ಕುಕ್ಕರು ಸೀಟಿ ಹಾಕಿ ತಣ್ಣಗಾದ ಹೊತ್ತಿಗೆ
ಮೇಜಿನಡಿಯಿಂದ,
ಗಂಭೀರವಾಗಿ, ಶುದ್ಧ ಸರ್ಕಾರಿ ರಾಗದಲ್ಲಿ:
ಯಾಯೂ ಹೊಯಗೆ ಬಯಬೇಡಿ.

ರಕಾರಕ್ಕೆ ಯಕಾರ ಆದೇಶ,
ಅಂದಳು ನನ್ನೊಳಗಿನ ಟೀಚರು, ಅಭ್ಯಾಸಬಲದಿಂದ.
ಆಮೇಲೆ ಕೇಳಿಸಿತು.
ಬಯ ಬೇಡಿ.
ಮಹಾಪ್ರಾಣವಿಲ್ಲದೆಯೂ ಅರ್ಥವಾಯಿತು.
ಸೌಟು ಹಿಡಿದುಕೊಂಡೇ ಮೇಜಿನಡಿ ತೂರಿದೆ.

ಹನ್ನೊಂದು ದಿನ ಅದೊಂದೇ ವಾಕ್ಯ.
ಬೆಕ್ಕಿಗೆ, ಬೀಪಾತುಮ್ಮನಿಗೆ,
ಬಚ್ಚಲ ಬಾಗಿಲ ಹಿಂದಿದ್ದ ಅಪ್ಪನಿಗೆ;
ಪಾಪ, ಅವರು ಬಹಳ ಹೊತ್ತು ಬರಲೇ ಇಲ್ಲ.

ಡಾಕ್ಟರನ್ನು ಕಾಣಲೆಂದು ಮಡಿಕೇರಿಗೆ ಹೊರಟ ಬಸ್ಸು
ಚೆಟ್ಟಳ್ಳಿಯಲ್ಲಿ ನಿಂತಾಗ
ಸೀಟಿನ ಮೇಲೆ ಎದ್ದು ನಿಂತು
ಇಳಿಯಲೆದ್ದವರಿಗೆಲ್ಲ ಘೋಷಿಸಿದಳು.
ಚೀಲ ಹಿಡಿದವರು ಹಾಗೇ ನಿಂತರು.
ಕಂಡಕ್ಟರು ಟೋಪಿ ತೆಗೆದು ಕೇಳಿದ:
ಟಿಕೆಟ್ಟು ಇಲ್ಲೀವರೆಗೇ ತಗೊಂಡಿದಾರೆ,
ಇಳೀಬಹುದಾ ಮೇಡಂ?
ಕಿಟಕಿಗೆ ಮೂಗು ಒತ್ತಿ ನೋಡಿದಳು.
ಕಿತ್ತಳೆ ಮಾರುವವನೊಬ್ಬ. ಕುಂಟುವ ನಾಯಿ.
ಹಿಂದೆ ತೋಟದ ಬೇಲಿ, ಅದನ್ನೂ ನೋಡಿದಳು,
ಆ ತುದಿಯಿಂದ ಈ ತುದಿಯವರೆಗೆ.
ಹ್ಞೂಂ, ಅಂದಳು.