ತೆಂಗಿನಕಾಯಿಗೆ ಕುಲಾವಿ

ಡಾರ್ವಿನ್ನಿನ ಡಿಸೆಂಬರ್. ಮೂವತ್ತನಾಲ್ಕು ಡಿಗ್ರಿ.
ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ,
ಉಪ್ಪಿನ ಡಬ್ಬಿ ತಾನೇ ಅಳುತ್ತದೆ.
ನಾನು ಮಂಚದ ತುಂಬ ಉಣ್ಣೆ ಹರಡಿಕೊಂಡು
ಗ್ರಾಟ್ಸ್ ಎಂಬ ಊರಿನ ಚಳಿಯನ್ನು
ಅಂದಾಜಿನಲ್ಲಿ ತೂಗುತ್ತಿದ್ದೇನೆ.

ತಂಗಿ ಮಹಾನಂದಾಳಿಗೆ ಜನವರಿ ಎಂಟಕ್ಕೆ ದಿನ.
ಫೋನಿನಲ್ಲಿ ಹೇಳುತ್ತಾಳೆ: 'ಅಕ್ಕಾ, ಇಲ್ಲಿ
ಉಸಿರು ಬಿಟ್ಟರ ಕಣ್ಣಿಗೆ ಕಾಣ್ತದ.'
ರಾಯಚೂರಿನವರು ನಾವು. ನಮಗೆ ಗೊತ್ತಿದ್ದದ್ದು ಎರಡೇ ಕಾಲ:
ಬಿಸಿಲು, ಮತ್ತು ಬಿಸಿಲಿಗೆ ಮೊದಲಿನ ಬಿಸಿಲು.
ಚಳಿಗೆ ಅಂತ ಮನೆಯಲ್ಲಿದ್ದದ್ದು ಒಂದು ಮಫ್ಲರು,
ಅದೂ ಅಪ್ಪನ ಹಲ್ಲುನೋವಿಗೆ.

ನೈಟ್‌ಕ್ಲಿಫ್‌ನ ಹಳೆಬಟ್ಟೆ ಅಂಗಡಿಯಲ್ಲಿ ಕೇಳಿದೆ, ದಪ್ಪ ಕೋಟು ಇದೆಯೇ?
ಮುದುಕಿ ಕನ್ನಡಕ ಏರಿಸಿ ನನ್ನ ಹಣೆ ನೋಡಿದಳು
ಜ್ವರವೇನೋ ಎಂಬಂತೆ.
ಒಳಗಿನಿಂದ ತಂದಳು ಒಂದು ನೀಲಿಯದು.
ದಕ್ಷಿಣದಿಂದ ವರ್ಗವಾಗಿ ಬಂದ ಯಾವಳೋ
ಮೊದಲ ವಾರವೇ ಬಿಸಾಕಿ ಹೋದದ್ದು.
ಹನ್ನೆರಡು ಡಾಲರು. ಒಂದು ಗುಂಡಿ ಕಡಿಮೆ.

ಎಲ್ಲಿ ತೊಟ್ಟು ನೋಡಲಿ? ಎ.ಸಿ. ಹದಿನಾರಕ್ಕಿಳಿಸಿದರೂ
ಬೆನ್ನಹುರಿಯಲ್ಲಿ ತುಂಗಭದ್ರೆ.

ಮರುದಿನ ಕೋಟನ್ನು ಪಾಳಿಗೇ ಹೊತ್ತೊಯ್ದೆ, ಸೀಗಡಿ ಕಾರ್ಖಾನೆಗೆ.
ನಾನಲ್ಲಿ ಗಾಜಿನೀಚೆ ಕೂತು ಪೆಟ್ಟಿಗೆ ಎಣಿಸುವವಳು,
ಏಳು ವರ್ಷದಲ್ಲಿ ಒಮ್ಮೆಯೂ
ಮೈನಸ್ ಇಪ್ಪತ್ತರ ಬಾಗಿಲು ದಾಟಿದವಳಲ್ಲ.
ಮಿಖಾಲಿ ಕದ ತೆಗೆದ. ಬಿಳಿ ಹೊಗೆ.
'ನೂರು ಎಣಿಸಿ ಬಾ' ಅಂದ.

ಕನ್ನಡದಲ್ಲೇ ಎಣಿಸಿದೆ,
ನಡುಗುವ ಬಾಯಿಗೆ ಬೇರೆ ಭಾಷೆ ಬರಲಿಲ್ಲ.
ಹತ್ತಕ್ಕೆ ಮೂಗಿನೊಳಗೆ ಮುಳ್ಳು.
ಇಪ್ಪತ್ತಕ್ಕೆ, ಇಲ್ಲದ ಗುಂಡಿಯ ಜಾಗ
ಕಿಟಕಿಯ ಹಾಗೆ ತೆರೆದುಕೊಂಡಿತು.
ಮೂವತ್ತೊಂಬತ್ತು ಅನ್ನುವಾಗ ಕಂಡೆ,
ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಸೀಗಡಿಗಳು
ಮಂಜು ಹೊದ್ದು, ತಲೆ ಬಾಗಿಸಿ, ಬೆನ್ನು ಕಮಾನು ಮಾಡಿ,
ಮಹಾನಂದಾ ಕಳಿಸಿದ್ದಳಲ್ಲ ಸ್ಕ್ಯಾನಿನ ಚಿತ್ರ,
ಥೇಟು ಹಾಗೆಯೇ.
ಎಣಿಕೆ ತಪ್ಪಿತು. ಕದ ಬಡಿದೆ.

ಮಿಖಾಲಿ ನಗಲಿಲ್ಲ. ಮೈಮೇಲಿನ ಜಾಕೆಟ್ಟು ಕಳಚಿ ಕೊಟ್ಟ:
ಕಿತ್ತಳೆ ಬಣ್ಣ, ತೋಳಿಗೆ ಹೊಳೆಯುವ ಪಟ್ಟಿ,
ಬೆನ್ನ ಮೇಲೆ ಹಲ್ಲು ಬಿಟ್ಟ ಸೀಗಡಿ.
'ಫೆಬ್ರವರಿಗೆ ತಾ. ಹೆಣ್ಣೋ ಗಂಡೋ ಹೇಳು.'
ಮೂರು ಸಲ ಒಗೆದೆ, ವಾಸನೆ ಹೋಗಲಿಲ್ಲ.
ಆಸ್ಟ್ರಿಯಾದ ಬೆಕ್ಕುಗಳೆಲ್ಲ ಬೆನ್ನು ಹತ್ತಲಿ, ಹತ್ತಲಿ.

ಬ್ಯಾಗು ತಬ್ಬಿ ತೂಕದ ಯಂತ್ರದ ಮೇಲೆ ನಿಂತೆ.
ನನ್ನನ್ನು ಕಳೆದರೆ ಇಪ್ಪತ್ತಾರು.
ಮೂರು ಕಿಲೋ ಇಳಿಯಬೇಕು.
ಅಂಟು, ಅಜಿವಾನ ಹೊರಗೆ ತೆಗೆದೆ, ಮತ್ತೆ ಒಳಗಿಟ್ಟೆ.
ನೀಲಿ ಕೋಟು ತೆಗೆದೆ. ಇನ್ನೂ ಒಂದೂವರೆ.
'ಬಾಣಂತನಕ್ಕ ಹೊಂಟಾಕಿಗೆ ಬೂಟು ಯಾತಕ್ಕ?
ಒಲಿ ಮುಂದಿಂದ ಎಲ್ಲಿ ಏಳ್ತಿ?' ಅಂದ ಬಸವಂತ.
ಲೊಚ್ಚೆಂದಿತು ಹಲ್ಲಿ.
ಇಲ್ಲಿನ ಹಲ್ಲಿಗಳು ಎಲ್ಲ ಮಾತಿಗೂ ಹೌದೆನ್ನುತ್ತವೆ.
ಆದರೂ ಬೂಟು ತೆಗೆದೆ.

ಉಳಿದದ್ದು ಕುಲಾವಿ.
ಬೆವರಿದ ಬೆರಳಿಗೆ ಎಳೆ ಅಂಟಿ ಅಂಟಿ
ಇಪ್ಪತ್ತು ರಾತ್ರಿ ಫ್ಯಾನಿನಡಿ ಹೆಣೆದದ್ದು.
ಕಾಣದ ತಲೆಗೆ ಅಳತೆ ಯಾರನ್ನು ಕೇಳಲಿ?
ಮಾವು ಸಣ್ಣದಾಯಿತು, ಪಪ್ಪಾಯಿ ಉದ್ದವಾಯಿತು,
ಜುಟ್ಟು ಕಿತ್ತ ತೆಂಗಿನಕಾಯಿಗೆ ತೊಡಿಸಿ ತೊಡಿಸಿ
ಇರದ ಕಿವಿ ಮುಚ್ಚುವಷ್ಟು ಇಳಿಸಿದೆ,
ಇರದ ಗದ್ದಕ್ಕೆ ದಾರ ಬಿಟ್ಟೆ.

ಈಗ ಅದನ್ನು ಕಳಚಿ, ಮಡಚಿ,
ಮಿಖಾಲಿಯ ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ಪೆಳೆದೆ.

'ಕಾಯಿ ಕೆಡ್ತದ, ಒಡದು ಚಟ್ನಿ ಮಾಡಿಟ್ಟು ಹೋಗು'
ಮಲಗುವ ಮೊದಲು ಬಸವಂತ ಹೇಳಿದ.
ಅದು ಮೇಜಿನ ಮೇಲೆ, ಬರಿತಲೆಯಲ್ಲಿ,
ಮೂರೂ ಕಣ್ಣು ಬಿಟ್ಟುಕೊಂಡು ಕೂತಿದೆ.

ಎದ್ದು ಹೋಗಿ
ಫ್ಯಾನು ಒಂದು ಕಡಿಮೆ ಮಾಡಿದೆ.