ಗೂಢಲಿಪಿ ಇದೆಯೇ? ಹೌದು / ಇಲ್ಲ

ರಾತ್ರಿ ಹನ್ನೊಂದೂವರೆ. ಕ್ಯಾಸಲ್‌ಮೇನಿನ ಅಡುಗೆಮನೆಯಲ್ಲಿ
ಫ್ರಿಜ್ಜು ಒಂದೇ ಸಮ ಗೊಣಗುತ್ತಿದೆ.
ಹೆಸರು ತುಂಬಿದೆ, ಚಿತ್ರ ಏರಿಸಿದೆ, ಬೆಲೆ: ಉಚಿತ,
ವಯಸ್ಸು: ನಾಲ್ಕು ದಾಟಿದ ಯಾರಾದರೂ.
ಇನ್ನೇನು ಮುಗಿಯಿತು ಅನ್ನುವಾಗ
ಸುಂಕದಕಟ್ಟೆಯ ಗಳುವಿನ ಹಾಗೆ ಅಡ್ಡ ಬಂತು ಪರದೆ:
ನಿಮ್ಮ ಆ್ಯಪ್‌ನಲ್ಲಿ ಗೂಢಲಿಪಿ ಬಳಕೆ ಇದೆಯೇ?

ಇದು ಜೇನುಪೆಟ್ಟಿಗೆಗಳ ಲೆಕ್ಕದ ಆ್ಯಪ್ಪು, ಮಾರಾಯ.
ಯಾವ ಗೂಡಲ್ಲಿ ರಾಣಿ ಮೊಟ್ಟೆಯಿಡುತ್ತಿದ್ದಾಳೆ,
ಯಾವುದಕ್ಕೆ ಸಕ್ಕರೆ ಪಾಕ ಇಡಬೇಕು, ಇಷ್ಟೇ.
ಅದಕ್ಕೂ ಅಮೆರಿಕದ ಕಾಯಿದೆಗೂ ಏನು ನಂಟು?
ನಂಟಿದೆಯಂತೆ. ಆ್ಯಪ್ಪು ಮೊದಲು
ಅಲ್ಲಿನ ಯಾವುದೋ ಯಂತ್ರದೊಳಗೆ ಹೋಗಿ ಕೂರುತ್ತದೆ;
ಅಲ್ಲಿಂದ, ನನ್ನ ಮನೆಗೆ ಎರಡೇ ಬೀದಿ ಆಚೆಯ ನೊರೀನ್
ಇಳಿಸಿಕೊಂಡರೂ ಅದು ರಫ್ತು.
ಅವರ ಹಳೇ ಪಟ್ಟಿಯಲ್ಲಿ ಇಂಥ ಬೀಗ
ಕೋವಿ ಮದ್ದುಗುಂಡಿನ ಪಕ್ಕದಲ್ಲೇ ಇತ್ತಂತೆ.

ಬೀಗ ಬೇಕೆಂದವಳೇ ಅವಳು.
ನೊರೀನ್ ಟ್ರೆಗಿಯರ್, ಎಪ್ಪತ್ತಾರು.
ಹೋದ ವಸಂತದಲ್ಲಿ ಹನ್ನೊಂದು ಪೆಟ್ಟಿಗೆ, ಒಂದೇ ರಾತ್ರಿ,
ತುಪ್ಪ ಸಮೇತ, ಹುಳ ಸಮೇತ, ಟ್ರಕ್ಕಿಗೇರಿಸಿ ಒಯ್ದರು.
ಹೊಗೆ ಹಾಕಲು ಬಲ್ಲವರೇ ಕದ್ದದ್ದು, ಅಂದಳು.
ಸಿಟ್ಟು ಅದಕ್ಕೇ ಹೆಚ್ಚು.
ಆಮೇಲೆ ಅವಳ ನೋಟ್‌ಬುಕ್ಕಿನಲ್ಲಿ ಗೂಡುಗಳ ಜಾಗ ಹೀಗೆ:
ಪಾದ್ರಿ ಸೈಕಲ್ಲಿಂದ ಬಿದ್ದ ತಿರುವು, ಮೂರನೇ ಗೇಟು.
ಬೆರಿಲ್ ಅತ್ತ ಮರ.
ಬೆರಿಲ್ ಯಾರೆಂದು ಕೇಳಿದೆ.
ಹೋಗಿ ನಲವತ್ತು ವರ್ಷವಾಯಿತು, ಅಂದಳು. ಅಷ್ಟೇ.

ಮುಂದಿನ ಪ್ರಶ್ನೆ: ಜಗತ್ತು ಒಪ್ಪಿದ ಲಿಪಿಯೋ,
ನೀವೇ ಕಟ್ಟಿಕೊಂಡ ಸ್ವಂತದ್ದೋ?
ಸ್ವಂತದ್ದಾದರೆ ಕಾಗದಪತ್ರ ಲಗತ್ತಿಸಿ.

ಸ್ವಂತದ್ದೂ ಒಂದಿತ್ತು.
ಹೊಸದುರ್ಗದ ಹಾಸ್ಟೆಲ್ಲಿನಲ್ಲಿ, ವಾರ್ಡನ್ನಿನ ಮೂಗಿನಡಿಯಲ್ಲೇ,
ನಾನೂ ವನಜಾಕ್ಷಿಯೂ ಅಕ್ಷರಕ್ಕೊಂದು ಕ ಸಿಕ್ಕಿಸಿ
ಕನಾಕನು ಕಹೇಕಳಕಲ್ಲ
ಅನ್ನುತ್ತಿದ್ದೆವು. ಮೂರನೇ ದಿನ ವಾರ್ಡನ್
ಅದೇ ಭಾಷೆಯಲ್ಲಿ ಬೈದರು.
ಟಲ್ಲಮರೀನ್ ನಿಲ್ದಾಣದಲ್ಲಿ ಇಳಿದ ದಿನ
ದಂಟಿನ ಬೀಜದ ಪೊಟ್ಟಣ ಕಿತ್ತಿಟ್ಟುಕೊಂಡರು,
ಅದಕ್ಕೊಂದು ರಸೀತಿ ಕೊಟ್ಟರು.
ಈ ಕ-ಕಾರವನ್ನು ಯಾರೂ ತಪಾಸಣೆ ಮಾಡಲಿಲ್ಲ.

ಸುಂಕದವನ ಮುಂದೆ ಸುಖದುಃಖ. ಸಾಕು.
ನಿಜ ಹೇಳುವುದಾದರೆ ಬೀಗ ನನ್ನದಲ್ಲ,
ಫೋನಿನೊಳಗೇ ಇದ್ದದ್ದು;
ನಾನು ಕೀಲಿ ತಿರುಗಿಸಿದೆ, ಅದಕ್ಕೂ ಎರಡು ವಾರ ಹಿಡಿಯಿತು.
ಮೇಲಿನ ಯಾವುದೂ ಅಲ್ಲ, ಅನ್ನುವ ಕೊನೆಯ ಸಾಲು ನನಗೇ.
ಆದರೂ ಬೆರಳು ಒತ್ತದೆ ನಿಂತಿದೆ.
ಇಲ್ಲವೆಂದರೆ ಸುಳ್ಳಾಗುವುದೋ,
ಹೌದೆಂದರೆ ಜಂಬವಾಗುವುದೋ.

ಹುಳಗಳಿಗೆ ಈ ತಾಪತ್ರಯವಿಲ್ಲ.
ಗೂಡಿನ ಕತ್ತಲಲ್ಲಿ ಒಬ್ಬಳು ಸೊಂಟ ಕುಲುಕಿ
ಸೂರ್ಯನಿಂದ ಇಷ್ಟು ವಾರೆ, ಇಷ್ಟು ಹೊತ್ತು ನಡುಗಿದರೆ ಇಷ್ಟು ದೂರ
ಎಂದು ಸಾರುತ್ತಾಳೆ, ಗುಟ್ಟೇ ಇಲ್ಲದೆ.
ಬೆಳಗಾದರೆ ಅವರೆಲ್ಲ ಬೇಲಿ ಹಾರಿ
ಪಕ್ಕದವರ ಯೆಲ್ಲೋ ಬಾಕ್ಸ್ ಮರದಿಂದ ಹೊತ್ತು ತರುತ್ತಾರೆ,
ಒಂದು ಘೋಷಣೆಯೂ ಇಲ್ಲ.

ಒತ್ತುವ ಮುಂಚೆ ಕೊನೆಯದೊಂದು ಪರೀಕ್ಷೆ:
ನೊರೀನ್ ನಿನ್ನೆ ತುಂಬಿದ ದಾಖಲೆಯೊಂದನ್ನು
ಅವಳದೇ ಒಪ್ಪಿಗೆಯಿಂದ, ಅವಳದೇ ಕೀಲಿಯಿಂದ ತೆಗೆದೆ.
ಇನ್ನೂರೈವತ್ತಾರು ಬಿಟ್ಟುಗಳ ಬಾಗಿಲು ತೆರೆಯಿತು.
ಅಕ್ಷಾಂಶ ರೇಖಾಂಶ ಇರಬೇಕಾದ ಕಡೆ
ದೊಡ್ಡ ಅಕ್ಷರದಲ್ಲಿ
ಬೆರಿಲ್ ಅತ್ತ ಮರ.

ಇದಕ್ಕೆ ಯಾವ ಸಾಲು ಒತ್ತಲಿ?
ಫ್ರಿಜ್ಜು ಗಕ್ಕನೆ ಸುಮ್ಮನಾಯಿತು.
ಹೊರಗೆ ಯಾರದೋ ಟ್ರಕ್ಕು, ದೀಪ ಹಾಕದೆ,
ಇಳಿಜಾರಿನಲ್ಲಿ ಹೋದಂತಾಯಿತು.
ಕಿಟಕಿಗೆ ಹೋಗಿ ನೋಡಿದೆ. ಏನೂ ಕಾಣಲಿಲ್ಲ.