ಹುಟ್ಟಿನದಾ, ಪೆಟ್ಟಿನದಾ

ಕೊನೆಯ ಬಾಣಲೆ ಇಳಿಸಿ, ಎಣ್ಣೆ ಆರುವ ಹೊತ್ತಿಗೆ
ಡಬ್ಬಿಯ ಚಿಲ್ಲರೆಯನ್ನು ಪೇಪರಿನ ಮೇಲೆ ಸುರುವುತ್ತೇನೆ.
ಮೆಣಸಿನಕಾಯಿ ವಾಸನೆಯ ರೂಪಾಯಿ,
ಮಂಡಕ್ಕಿ ಪುಡಿ ಅಂಟಿದ ಎರಡು, ಐದು,
ಯಾರೂ ಬೇಡವೆನ್ನುವ ಹತ್ತರ ಬಿಲ್ಲೆಗಳು.

ಆಗ ಬರುತ್ತಾನೆ ದಾದಾಪೀರಣ್ಣ,
ಕಾಟನ್ ಮಿಲ್ಲಿನಲ್ಲಿ ಫಿಟ್ಟರಾಗಿದ್ದವನು,
ಜೇಬಿನಲ್ಲಿ ವಾಚ್ ರಿಪೇರಿಯವರ ಗಾಜು.

"ಸಿಂಹ ನೆಟ್ಟಗೆ ಹಿಡಿ, ಹಾಳೆ ಮಗುಚಿದಂಗೆ ಮಗುಚು.
ಹಿಂದಿನ ಒಂದು ನಿಂತೈತೋ, ಮಲಗೈತೋ?"
ನಿಂತಿತ್ತು. ನಿಂತಿತ್ತು. ನೂರಾ ಹದಿನಾಲ್ಕು ನಿಂತವು.
ಒಂದು ಮಾತ್ರ ಕುಡಿದವನಂತೆ ಗೋಡೆಗೆ ವಾಲಿತ್ತು.
"ಅಚ್ಚು ತಿರುಗೈತಿ. ಎತ್ತಿಡು."

ರೊಟ್ಟಿ ಕಚ್ಚಿದಂತೆ ಅಂಚು ಹೋದದ್ದು ಸಿಕ್ಕರೆ
ಕಚ್ಚಿದ ಕಡೆ ನೋಡುವುದೇ ಇಲ್ಲ, ಎದುರು ಬದಿ ನೋಡುತ್ತಾನೆ.
ಅಲ್ಲಿಯ ಅಂಚೂ ಮಂಕಾಗಿದ್ದರೆ
ಟಂಕಸಾಲೆಯಿಂದಲೇ ಹಾಗೆ ಬಂದದ್ದು.
ಎದುರು ಬದಿಗೆ ಸುದ್ದಿಯೇ ಮುಟ್ಟಿಲ್ಲದಿದ್ದರೆ
ಯಾವನದೋ ಅರದ ಕೆಲಸ.

ಗೇಟಿನ ಹುಡುಗರು ಹಳಿಯ ಮೇಲಿಟ್ಟು ತರುತ್ತಾರೆ
ರೈಲು ಮೆಟ್ಟಿ ವೀಳ್ಯದೆಲೆಯಾದ ರೂಪಾಯಿ.
"ಐನೂರು ಕೊಡಜ್ಜಾ, ಮಿಸ್ಟೇಕ್ ಐತಿ ನೋಡು!"
ನಕ್ಕು, ಒಬ್ಬೊಬ್ಬನಿಗೂ ಒಂದು ಮಿರ್ಚಿ ಕೊಡಿಸುತ್ತಾನೆ.
"ಅಶೋಕ ರೋಡ್ ಟಂಕಸಾಲೆ ಮಾಲು ನಾನು ತಗಳಲ್ಲಪ್ಪ.
ಹುಟ್ಟಿನದಕ್ಕೆ ರೇಟು. ಪೆಟ್ಟಿನದಕ್ಕಿಲ್ಲ."
ಹೇಳುತ್ತಾ ಗಾಜು ಒರೆಸುತ್ತಾನೆ,
ಉಂಗುರದ ಬೆರಳು ಅರ್ಧಕ್ಕೇ ನಿಂತ ಕೈಯಲ್ಲಿ.

ಮೂವತ್ತು ವರ್ಷದ ಹಿಂದೆ ಹರಿಹರದಿಂದ
ನನ್ನನ್ನು ನೋಡಲು ಬಂದಿದ್ದರು.
ಹುಡುಗನ ಸೋದರತ್ತೆ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.
"ಎಡಗಣ್ಣು ಓರೆ ಐತಲ್ಲ. ಹುಟ್ಟಿನದಾ, ಪೆಟ್ಟಿನದಾ?"
"ತೊಟ್ಟಿಲಿಂದ ಬಿದ್ದಿದ್ಲು"
ಅಂದಳು ಅವ್ವ, ತಟ್ಟೆಗೆ ಅವಲಕ್ಕಿ ಹಾಕುತ್ತಾ.
ನಮ್ಮ ಮನೆಯಲ್ಲಿ ತೊಟ್ಟಿಲೇ ಇರಲಿಲ್ಲ.
ಆ ಸಂತೆಯಲ್ಲಿ ರೇಟು ಉಲ್ಟಾ. ನಡೆದುಹೋಯಿತು.

ದಾದಾಪೀರಣ್ಣನಿಗೆ ಇದನ್ನು ಹೇಳಿಲ್ಲ.

ಮೊನ್ನೆ ಒಂದು ಸಿಕ್ಕಿತು. ಒಂದು ಕಡೆ ಸಿಂಹ,
ಇನ್ನೊಂದು ಕಡೆಯೂ ಸಿಂಹವೇ,
ಆದರೆ ಗುಳಿಬಿದ್ದು, ಕನ್ನಡಿಯೊಳಗಿನ ಹಾಗೆ ಎಡಬಲವಾಗಿ.
"ಹಿಂದಿನ ಬಿಲ್ಲೆ ಅಚ್ಚಿಗೇ ಅಂಟಿಕೊಂಡ್ರೆ
ಮುಂದಿನದರ ಬೆನ್ನಿಗೆ ತನ್ನ ಮುಖ ಒತ್ತುತೈತಿ.
ಇಲ್ಲಾ, ಯಾವನೋ ಎರಡು ಸೇರಿಸಿ ವೈಸಿನಾಗೆ ಹಿಂಡ್ಯಾನೆ.
ಹಂಗಾದ್ರೆ ಗುಳಿಯ ತಳದಾಗೆ
ಹಳೇ ಒಂದರ ಕಾಲು ಉಳಿದಿರಬೇಕು."
ಗಾಜು ಕಣ್ಣಿಗೆ, ಬಿಲ್ಲೆ ಬಲ್ಬಿಗೆ.
ಗೇಟಿನ ಹಾರನ್ನುಗಳನ್ನೆಲ್ಲ ನುಂಗಿ ಗೂಡ್ಸ್ ಗಾಡಿ ಬಂತು.
ಐವತ್ತೆಂಟು ಡಬ್ಬಿ, ನಾನು ಎಣಿಸಿದೆ.
ಹೋಯಿತು. ಹಾರನ್ನುಗಳು ಮತ್ತೆ ಶುರುವಾದವು.

"ತಿಳೀವಲ್ದು, ಕೊಟ್ರವ್ವ.
ಬಿಲ್ಲೆಗೆ ಹುಟ್ಟೇ ಒಂದು ಪೆಟ್ಟು ನೋಡು.
ಇದರಾಗೆ ಮೊದಲ್ನೇದು ಯಾವುದು, ಎರಡ್ನೇದು..."
ಮುಗಿಸಲಿಲ್ಲ.
ಅಂಗೈಗೆ ಹಾಕಿದ. "ನಡಸು."

ಬೆಳಿಗ್ಗೆ ಹಾಲಿನವನಿಗೆ ಕೊಟ್ಟೆ.
ಅವನು ನೋಡಲೂ ಇಲ್ಲ.
ಸೈಕಲ್ ಹತ್ತಿದಾಗ ಅವನ ಕಿಸೆಯಲ್ಲಿ
ಮಿಕ್ಕವುಗಳ ಜೊತೆ ಅದೂ ಸದ್ದು ಮಾಡಿತು.